ಇಂಗ್ಲೆಂಡಿನಲ್ಲಿ ವಾಸ, ಮೈಸೂರಿನಲ್ಲಿ ಆಪರೇಷನ್: ಟಿಕೆಟ್ ತೆಗೆಯುವ ಮೊದಲು

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂತೆಂದರೆ ಇಲ್ಲಿನ ನಮ್ಮ ಕೊಡಗಿನವರ ನಡುವೆ ಒಂದು ಮಾತು ಶುರುವಾಗುತ್ತದೆ. "ಹೇಗೂ ರಜೆಗೆ ಊರಿಗೆ ಹೋಗ್ತಿದ್ದೇವೆ, ಮಂಡಿ ಆಪರೇಷನ್ ಮೈಸೂರಿನಲ್ಲೇ ಮುಗಿಸಿಕೊಂಡು ಬಂದುಬಿಡೋಣ ಅಂತ. ಡಾಕ್ಟರ್ ಹತ್ರ ವಿಡಿಯೋದಲ್ಲಿ ಮಾತಾಡಿಯೂ ಆಯ್ತು." ನಾನು ಇಲ್ಲಿ ಆಸ್ಪತ್ರೆ ವಾರ್ಡಿನಲ್ಲಿ ನರ್ಸ್. ಹಾಗಾಗಿ ವಿರಾಜಪೇಟೆಯವರು, ಸೋಮವಾರಪೇಟೆಯವರು ಎಲ್ಲರೂ ನನ್ನನ್ನೇ ಕೇಳುತ್ತಾರೆ. ಊರಿಗೆ ಹೋಗಿ ಚಿಕಿತ್ಸೆ ಮಾಡಿಸಿಕೊಳ್ಳುವುದು ತಪ್ಪೇನಲ್ಲ. ಆದರೆ ವಾಪಸ್ ಬಂದ ಮೇಲೆ ನಿಮ್ಮನ್ನು ನೋಡಿಕೊಳ್ಳುವವರು ಯಾರು? ಟಿಕೆಟ್ ತೆಗೆಯುವ ಮೊದಲೇ ಇದಕ್ಕೆ ಉತ್ತರ ಇರಬೇಕು. "ವಿಡಿಯೋ ಕಾಲ್ ಇದೆಯಲ್ಲ" ಅನ್ನುವುದು ಪೂರ್ತಿ ಉತ್ತರ ಅಲ್ಲ.

ಮೊದಲು ಇಲ್ಲಿನ ಕ್ರಮ ನೋಡಿ. ಕೆಲಸದಂಥ ದೀರ್ಘ ವೀಸಾ ಮೇಲೆ ಬಂದ ದೊಡ್ಡವರು ಸಾಮಾನ್ಯವಾಗಿ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕವನ್ನು ವೀಸಾ ಜೊತೆಗೇ ಕಟ್ಟಿರುತ್ತಾರೆ. ವಿದ್ಯಾರ್ಥಿಗಳಿಗೆ 776. ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಚಿಕಿತ್ಸೆಗೆ ನೀವು ಈಗಾಗಲೇ ದುಡ್ಡು ಕೊಟ್ಟಿದ್ದೀರಿ, ಸುಮ್ನೆ ಬಿಡಬೇಡಿ. ಬಂದ ವಾರವೇ ಹತ್ತಿರದ ಜಿಪಿ, ಅಂದರೆ ಮೊದಲು ನೋಡುವ ಸಾಮಾನ್ಯ ಡಾಕ್ಟರ್ ಹತ್ತಿರ ಹೆಸರು ಬರೆಸಿ. ವಿಳಾಸದ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ನಿಮ್ಮನ್ನು ವಾಪಸ್ ಕಳಿಸುವ ಹಾಗಿಲ್ಲ. ಊರಿನಲ್ಲಿ ಮಾಡುವಂತೆ ನೇರವಾಗಿ ಎಲುಬಿನ ಡಾಕ್ಟರ್ ಹತ್ತಿರ ಹೋಗಿ ಟೋಕನ್ ತೆಗೆದುಕೊಳ್ಳಲು ಇಲ್ಲಿ ಬರುವುದಿಲ್ಲ. ಜಿಪಿ ನೋಡಿ, ಬೇಕು ಅನಿಸಿದರೆ ಸ್ಪೆಷಲಿಸ್ಟ್‌ಗೆ ಬರೆದು ಕಳಿಸುತ್ತಾರೆ.

ದೂರದಿಂದಲೇ ನೋಡುವುದು ಇಲ್ಲಿ ಹೊಸತಲ್ಲ. ಇಂಗ್ಲೆಂಡಿನ ಜಿಪಿಗಳು ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ ಸಂಜೆ 6.30ರವರೆಗೆ ಆನ್‌ಲೈನ್ ಫಾರಂ ತೆರೆದಿಡಬೇಕು ಎಂಬ ನಿಯಮ 2025ರ ಅಕ್ಟೋಬರಿನಿಂದ ಇದೆ. ನೀವು ಬರೆದದ್ದನ್ನು ನೋಡಿ ಫೋನಿನಲ್ಲೇ ಮುಗಿಸಬೇಕೋ, ಕರೆಸಬೇಕೋ ಅಂತ ಅವರು ತೀರ್ಮಾನಿಸುತ್ತಾರೆ. ರಾತ್ರಿ, ಭಾನುವಾರಗಳಿಗೆ 111 ಅನ್ನುವ ಎನ್‌ಎಚ್‌ಎಸ್ ಸಹಾಯವಾಣಿ ಇದೆ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅಂತ ಕೇಳಿ. ಪ್ರಾಣಕ್ಕೆ ಅಪಾಯವಾದರೆ 999ಕ್ಕೆ ಫೋನ್ ಮಾಡಿ. ಗಂಟಲು ನೋವು, ಕಿವಿ ನೋವು, ಹೆಂಗಸರ ಉರಿಮೂತ್ರದಂಥ ಏಳು ತೊಂದರೆಗಳಿಗೆ ಫಾರ್ಮಸಿಯವರೇ ನೋಡಿ ಮಾತ್ರೆ ಕೊಡಬಹುದು.

ಕಾಯುವ ವಿಚಾರಕ್ಕೆ ಬರೋಣ, ಊರಿನ ಕಡೆ ಮನಸ್ಸು ಎಳೆಯುವುದೇ ಅದರಿಂದ ಅಲ್ವಾ? ಜಿಪಿ ಬರೆದು ಕಳಿಸಿದ ದಿನದಿಂದ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವುದು ಗುರಿ. ಇಂಗ್ಲೆಂಡಿನಲ್ಲಿ ಅದು 2016ರಿಂದ ಪೂರೈಸಿಲ್ಲ. ಆದರೆ ಬಹಳ ಜನರಿಗೆ ಗೊತ್ತಿಲ್ಲದ ದಾರಿಯೊಂದಿದೆ. ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಆರಿಸಿಕೊಳ್ಳುವ ಹಕ್ಕು ನಿಮಗಿದೆ. ಎನ್‌ಎಚ್‌ಎಸ್ ಜೊತೆ ಒಪ್ಪಂದ ಇರುವ ಖಾಸಗಿ ಆಸ್ಪತ್ರೆಯೂ ಆಗಬಹುದು, ಖರ್ಚು ಎನ್‌ಎಚ್‌ಎಸ್‌ದೇ. ಕ್ಯೂ ಎಲ್ಲಿ ಚಿಕ್ಕದಿದೆ ಅಂತ ನೋಡಿ ಅಲ್ಲಿಗೇ ಬರೆಯಲು ಜಿಪಿಯನ್ನು ಕೇಳಿ. ಮೈಸೂರಿಗೆ ಹೋಗುವ ಮುನ್ನ ಇದನ್ನೊಮ್ಮೆ ಮಾಡಲೇಬೇಕು. ಕ್ಯಾನ್ಸರ್ ಅನುಮಾನ ಇದ್ದರಂತೂ ಊರಿನ ಟ್ರಿಪ್‌ಗೆ ಕಾಯಬೇಡಿ. 28 ದಿನದೊಳಗೆ ಹೌದೋ ಅಲ್ಲವೋ ಹೇಳಬೇಕು ಅನ್ನುವ ತುರ್ತು ದಾರಿ ಇಲ್ಲಿದೆ.

ಇಷ್ಟಾದರೂ ಊರೇ ಸರಿ ಅನಿಸಿದರೆ ವಿಡಿಯೋ ಕಾಲ್ ಶುರುವಿನಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ. ಆಪರೇಷನ್ ಬೇಕೇ ಬೇಕಾ? ಎಷ್ಟು ದಿನ ಉಳಿಯಬೇಕು? ಶುಗರ್, ಬಿಪಿ ಎಲ್ಲಿಗೆ ಇಳಿಸಿಕೊಂಡು ಬರಬೇಕು? ಇವನ್ನೆಲ್ಲ ಮನೆಯಲ್ಲೇ ಕೂತು ಕೇಳಬಹುದು. ಎಕ್ಸ್‌ರೇ ಫಿಲಂ ಅನ್ನು ಕಿಟಕಿಗೆ ಹಿಡಿದು ತೆಗೆದ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಇಲ್ಲಿನ ಆಸ್ಪತ್ರೆಯಿಂದ ಸ್ಕ್ಯಾನ್‌ನ ಮೂಲ ಫೈಲ್ ಕೇಳಿ ಪಡೆಯಿರಿ, ಕೇಳುವುದು ನಿಮ್ಮ ಹಕ್ಕು. ಮೈಸೂರಿನಲ್ಲಿ ಸಂಜೆ 5 ಗಂಟೆ ಅಂದರೆ ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನ 12.30, ಚಳಿಗಾಲದಲ್ಲಿ 11.30. ಡ್ಯೂಟಿ ನೋಡಿಕೊಂಡು ಟೈಮ್ ತೆಗೆದುಕೊಳ್ಳಿ.

ಭಾರತದಲ್ಲಿ 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಡಾಕ್ಟರ್ ಏನು ಹೇಳಬಹುದು, ಯಾವ ಮಾತ್ರೆ ಬರೆಯಬಹುದು ಅಂತ ಅದರಲ್ಲಿದೆ. ಆದರೆ ಭಾರತದ ಹೊರಗೆ ಕೂತವರನ್ನು ನೋಡುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ನೀವು ಲಂಡನ್ನಿನಲ್ಲಿ ಕೂತು ಮಾತಾಡಿದ್ದು ಸಲಹೆ ಅಷ್ಟೇ. ಅವರು ಬರೆದ ಚೀಟಿಗೆ ಇಲ್ಲಿನ ಫಾರ್ಮಸಿಯಲ್ಲಿ ಮಾತ್ರೆ ಸಿಗುವುದಿಲ್ಲ. ಅವರು ಹೇಳಿದ ಸ್ಕ್ಯಾನ್ ಅನ್ನು ಎನ್‌ಎಚ್‌ಎಸ್ ಮಾಡಿಕೊಡಲೇಬೇಕು ಅಂತಲೂ ಇಲ್ಲ. ಆಪರೇಷನ್ ಆಗಿ ವಾಪಸ್ ಬಂದ ಮೇಲೆ ಗಾಯ ಕೀವಾದರೆ, ಜ್ವರ ಬಂದರೆ ಎನ್‌ಎಚ್‌ಎಸ್ ಕೈಬಿಡುವುದಿಲ್ಲ, ತುರ್ತಿಗೆ ನೋಡುತ್ತಾರೆ. ಆದರೆ ಮಾಮೂಲಿ ಫಾಲೋಅಪ್, ವಾರವಾರದ ಫಿಸಿಯೋಥೆರಪಿ ಸಿಕ್ಕೇ ಸಿಗುತ್ತದೆ ಅಂದುಕೊಳ್ಳಬೇಡಿ. ಹೊರಡುವ ಮುಂಚೆಯೇ ಜಿಪಿಗೆ ವಿಷಯ ತಿಳಿಸಿ. ಅವರಿಂದ ಏನಾಗುತ್ತದೆ, ಏನಾಗುವುದಿಲ್ಲ ಅಂತ ಕೇಳಿ. ಫಿಸಿಯೋಥೆರಪಿಗೆ ಖಾಸಗಿಯಾಗಿ ದುಡ್ಡು ಎತ್ತಿಡಿ.

ಕಾಗದ ಪತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ವಾರ್ಡಿನಲ್ಲಿ ಪೇಚಾಟ ಆಗುವುದು ಇಲ್ಲೇ. ಡಿಸ್ಚಾರ್ಜ್ ಸಮ್ಮರಿಯಲ್ಲಿ "ಪ್ಯಾನ್ 40, 1-0-0, ಇಕೋಸ್ಪ್ರಿನ್ 75, 0-1-0" ಅಂತ ಇರುತ್ತದೆ. ಇಲ್ಲಿನ ಡಾಕ್ಟರಿಗೆ ಆ ಬ್ರಾಂಡೂ ಗೊತ್ತಿಲ್ಲ, ಆ ಸೊನ್ನೆ-ಒಂದರ ಲೆಕ್ಕವೂ ಗೊತ್ತಿಲ್ಲ. ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಬೆಳಿಗ್ಗೆ, ಆಸ್ಪಿರಿನ್ 75 ಮಿಲಿಗ್ರಾಂ ಮಧ್ಯಾಹ್ನ ಅಂತ ಬಿಡಿಸಿ ಬರೆಸಿಕೊಳ್ಳಿ. ಮಂಡಿಗೋ ಹೃದಯಕ್ಕೋ ಏನಾದರೂ ಅಳವಡಿಸಿದ್ದರೆ ಅದರ ಪ್ಯಾಕಿನ ಸ್ಟಿಕರ್ ಬೇಕು, ಕಂಪನಿ, ಅಳತೆ, ಲಾಟ್ ನಂಬರ್ ಎಲ್ಲ ಅದರಲ್ಲಿರುತ್ತದೆ. ಕಳೆದ 12 ತಿಂಗಳಲ್ಲಿ ಹೊರದೇಶದ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದರೆ ಇಲ್ಲಿ ಅಡ್ಮಿಟ್ ಆಗುವಾಗ ಹೇಳಿ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇದೆಯೇ ಅಂತ ಸ್ವಾಬ್ ತೆಗೆಯುತ್ತಾರೆ, ಬೇರೆ ರೂಮಿಗೆ ಹಾಕಬಹುದು. ಬೇಜಾರು ಮಾಡಿಕೊಳ್ಳಬೇಡಿ. ಅದು ಪಕ್ಕದ ಬೆಡ್ಡಿನವರ ರಕ್ಷಣೆಗೆ.

ದಿನದ ಲೆಕ್ಕವನ್ನೂ ಬಿಗಿಯಾಗಿ ಹಾಕಬೇಡಿ. ವಿಮಾನ ಹತ್ತಲು ಕೀಹೋಲ್ (ಸಣ್ಣ ರಂಧ್ರದ ಮೂಲಕ ಮಾಡುವ) ಆಪರೇಷನ್ ಆದವರು 1-2 ದಿನ, ಸಾಧಾರಣ ಹೊಟ್ಟೆ ಆಪರೇಷನ್ ಆದವರು 4-5 ದಿನ, ಬೈಪಾಸ್ ಆದವರು 10 ದಿನವಾದರೂ ಕಾಯಬೇಕು ಅನ್ನುತ್ತದೆ ಬ್ರಿಟಿಷ್ ವಿಮಾನಯಾನ ಪ್ರಾಧಿಕಾರ. ಮಂಡಿ ಬದಲಿಸಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುವುದರಿಂದ ವಾರಗಟ್ಟಲೆ ಬೇಕು. ಯಾವಾಗ ವಿಮಾನ ಹತ್ತಬಹುದು ಅನ್ನುವುದನ್ನು ಸರ್ಜನ್ ಹತ್ತಿರ ಬರಹದಲ್ಲೇ ತೆಗೆದುಕೊಳ್ಳಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ರೈಲಿಲ್ಲ. ಹೊಲಿಗೆ ಬಿಚ್ಚುವವರೆಗೆ ಮೈಸೂರಿನಲ್ಲೇ ನೆಂಟರ ಮನೆಯಲ್ಲಿರುವುದು ಒಳ್ಳೆಯದು. ಮಳೆಗಾಲದಲ್ಲಂತೂ ಆಪರೇಷನ್ ಇಟ್ಟುಕೊಳ್ಳಲೇಬೇಡಿ. 2018ರ ಆಗಸ್ಟ್‌ನಲ್ಲಿ ಸಂಪಾಜೆ ರಸ್ತೆ ಕುಸಿದು ಮಂಗಳೂರಿನ ದಾರಿಯೇ ಮುಚ್ಚಿತ್ತು. ಜೋರು ಮಳೆಗೆ ಕರೆಂಟೂ ನೆಟ್‌ವರ್ಕೂ ಹೋದರೆ ತೋಟದ ಮನೆಯಿಂದ ಯಾವ ವಿಡಿಯೋ ಕಾಲೂ ಹೋಗುವುದಿಲ್ಲ.

ಅಪ್ಪ ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳುವವರಿಗೂ ಎರಡು ಮಾತು. ವಿಸಿಟರ್ ವೀಸಾದವರಿಗೂ ಜಿಪಿ ಉಚಿತ, ಆಸ್ಪತ್ರೆಯ ತುರ್ತು ವಿಭಾಗವಾದ ಎ ಅಂಡ್ ಇಯಲ್ಲಿ ನೋಡುವುದೂ ಉಚಿತ. ಆದರೆ ವಾರ್ಡಿಗೆ ಅಡ್ಮಿಟ್ ಆದರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. 500 ಪೌಂಡ್‌ಗಿಂತ ಜಾಸ್ತಿ ಬಾಕಿ ಎರಡು ತಿಂಗಳು ಉಳಿದರೆ ಮುಂದಿನ ವೀಸಾಕ್ಕೆ ತೊಡಕಾಗಬಹುದು. ಆದ್ದರಿಂದ ಹಳೆಯ ಕಾಯಿಲೆಯನ್ನೂ ಸೇರಿಸಿದ ಇನ್ಶೂರೆನ್ಸ್ ಮಾಡಿಸಿ. ಗೋಣಿಕೊಪ್ಪದ ಡಾಕ್ಟರ್ ಫೋನಿನಲ್ಲಿ ಸಿಗುತ್ತಾರೆ ಅಂತ ಮಾತ್ರೆ ಕಮ್ಮಿ ತರಬೇಡಿ. 3 ತಿಂಗಳಿಗಾಗುವಷ್ಟು ಮಾತ್ರೆ, ಚೀಟಿ ಸಮೇತ ತನ್ನಿ. ಇನ್ಸುಲಿನ್ ಇದ್ದರೆ ಡಾಕ್ಟರ ಪತ್ರದ ಜೊತೆ ಕೈಬ್ಯಾಗಿನಲ್ಲೇ ಇಡಿ, ಲಗೇಜಿಗೆ ಹಾಕಬೇಡಿ.