ಸೇನಾಪತಿಯ ಸಹಿಗೆ ಎಡಿಸಿಯ ಪತ್ರವೇ ಸಾಕ್ಷಿ: ನನ್ನ ಅನುಭವ

ಜನರಲ್‌ಗಳ ಸಹಿ ಬಿಟ್ಟು ಅವರ ಎಡಿಸಿಗಳ (ಜನರಲ್ ಜತೆಗಿರುವ ಸಹಾಯಕ ಅಧಿಕಾರಿ, ಏಡ್-ಡಿ-ಕ್ಯಾಂಪ್) ಪತ್ರ ಕೊಳ್ಳುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಕಾರವಾರ, ಶಿರಸಿಯ ಸಂಗ್ರಾಹಕರೇ ಹೇಳುತ್ತಿದ್ದರು. ಈಗ ಸಹಿ ಸಾಚಾ ಹೌದೋ ಅಲ್ಲವೋ ಎಂದು ನೋಡಲು ನನ್ನ ಎಡಿಸಿ ಫೈಲನ್ನೇ ಕೇಳುತ್ತಾರೆ.

ಒಬ್ಬ ಕಮಾಂಡರ್, ಒಂದು ಹುದ್ದೆ, ಒಂದೆರಡು ವರ್ಷ. ಇಷ್ಟಕ್ಕೇ ಕೈಹಾಕುತ್ತೇನೆ. ಆ ಕಚೇರಿಯ ಎಡಿಸಿ ಬರೆದ ನಾಲ್ಕೈದು ಪತ್ರ ಮೊದಲು ಬರಬೇಕು. ‘ಜನರಲ್ ಸಾಹೇಬರು ತಿಳಿಸಲು ಹೇಳಿದ್ದಾರೆ’ ಎಂಬ ಧಾಟಿಯ ಇವುಗಳಿಗೆ ಐದುನೂರರಿಂದ ಎರಡು ಸಾವಿರದೊಳಗೆ ಕೊಟ್ಟಿದ್ದೇನೆ. ಕಾಗದದ ಅಳತೆ, ವಾಟರ್‌ಮಾರ್ಕ್, ಫೈಲ್ ನಂಬರ್ ಹಾಕುವ ಕ್ರಮ, ಟೈಪ್‌ರೈಟರಿನ ಸವೆದ ಅಕ್ಷರ ಎಲ್ಲ ಅದರಲ್ಲೇ ಸಿಗುತ್ತದೆ. ನಕಲಿ ಮಾಡುವವನು ಸಹಿಯಲ್ಲಿ ಪಳಗಿರುತ್ತಾನೆ, ಆ ಕಚೇರಿಯ ಯಂತ್ರ ಅವನ ಬಳಿ ಇರುವುದಿಲ್ಲ. ಯಾವ ಅಕ್ಷರಗಳನ್ನು ಮೊದಲು ನೋಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಆಮೇಲೆ ಕಮಾಂಡರನ ಡಿ.ಓ. ಪತ್ರ, ಅಂದರೆ ಹೆಸರು ಹಿಡಿದು ಬರೆದ ಅರೆ-ಸರ್ಕಾರಿ ಪತ್ರ. ಒಡಲು ಟೈಪು, ಸಂಬೋಧನೆ ಮತ್ತು ಸಹಿ ಕೈಬರಹ, ಎರಡಕ್ಕೂ ಒಂದೇ ಮಸಿ ಇದ್ದರೆ ಒಳ್ಳೆಯದು. ಕವರ್ ಜತೆಗಿದ್ದರೆ ಮೂವತ್ತು ಸಾವಿರದ ಆಸುಪಾಸಿಗೂ ಹಿಂಜರಿಯುವುದಿಲ್ಲ. ಎರಡನೇ ಮಹಾಯುದ್ಧದ ಬ್ರಿಟಿಷ್ ಎಂಟನೇ ಸೇನೆಯ ಅಚ್ಚಾದ ‘ಸೈನಿಕರಿಗೆ ಸಂದೇಶ’ಗಳಿಗೆ ಕಾಸು ಕೊಡಬೇಡಿ, ಮಾಂಟ್ಗೊಮರಿ ಸಹಿಯೂ ಅದರಲ್ಲಿ ಅಚ್ಚೇ. ಹತ್ತು ಪಟ್ಟಿನ ಲೂಪ್ (ಭೂತಗನ್ನಡಿ) ಹಿಡಿದರೆ ನಿಬ್ಬಿನ ಒತ್ತಡ ಏರಿಳಿದ ಗುರುತೇ ಕಾಣುವುದಿಲ್ಲ.

ತಾರೀಖೇ ಅರ್ಧ ನಕಲಿಗಳನ್ನು ಹಿಡಿಯುತ್ತದೆ. ಮಾಂಟ್ಗೊಮರಿ 1943ರ ಕೊನೆಗೆ ಇಟಲಿ ಬಿಟ್ಟ, ಅವನ ಜಾಗಕ್ಕೆ ಲೀಸ್ ಬಂದ. 1944ರಲ್ಲಿ ಎಂಟನೇ ಸೇನೆಯ ಕಮಾಂಡರ್ ಎಂದು ಮಾಂಟ್ಗೊಮರಿ ಸಹಿ ಇದ್ದರೆ ವಾಪಸ್. ‘ಮೌಂಟ್‌ಬ್ಯಾಟನ್ ಆಫ್ ಬರ್ಮಾ’ ಎಂಬ ಸಹಿ 1946ಕ್ಕಿಂತ ಮುಂಚಿನದಾಗಿರಲು ಸಾಧ್ಯವಿಲ್ಲ. 1971ರ ಯುದ್ಧದ ಪತ್ರದ ಲೆಟರ್‌ಹೆಡ್‌ನಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಮುಗಿಯಿತು, ಪಿನ್ ಬಂದದ್ದು 1972ರ ಆಗಸ್ಟ್ 15ಕ್ಕೆ. ನಮ್ಮ ಜಿಲ್ಲೆಗೆ ಬಂದ ಕವರ್‌ಗಳಿಗೆ ಇನ್ನೊಂದು ಪರೀಕ್ಷೆ: ಉತ್ತರ ಕನ್ನಡ 1956ರ ತನಕ ಮುಂಬಯಿಗೆ ಸೇರಿತ್ತು. 1944ರಲ್ಲಿ ಶಿರಸಿಗೆ ಬರೆದ ಕವರಿನ ಮೇಲೆ ‘ಮೈಸೂರು ಸ್ಟೇಟ್’ ಎಂದಿದ್ದರೆ ಮುಟ್ಟಬೇಡಿ. ಕಾಗದ 365 ನ್ಯಾನೊಮೀಟರ್ ಯುವಿ ಟಾರ್ಚಿಗೆ ನೀಲಿಯಾಗಿ ಹೊಳೆದರೆ ಅದು ಎರಡನೇ ಮಹಾಯುದ್ಧದ ಕಾಲದ್ದಲ್ಲ. ಮಡಿಕೆಯ ಬಿರುಕಿನೊಳಗೆ ಮಸಿ ಹರಡಿದ್ದರೆ ಸಹಿ ಮಡಿಕೆಯ ನಂತರ ಬಿದ್ದದ್ದು.

ದುಡ್ಡು ಹೆಚ್ಚು ಹೋಗುವುದು ಕೊಳ್ಳುವಾಗಲ್ಲ, ಮಳೆಗಾಲದಲ್ಲಿ. ಜೂನ್‌ನಿಂದ ಕರಾವಳಿಯ ಕಪಾಟಿನಲ್ಲಿ ಗಾಳಿಯ ತೇವ ಶೇಕಡಾ 85ರ ಮೇಲೇ ಇರುತ್ತದೆ, 65 ದಾಟಿತೆಂದರೆ ಬೂಷ್ಟಿಗೆ ದಾರಿ. ಲ್ಯಾಮಿನೇಷನ್ ಮಾಡಿಸಿದ ಪತ್ರಕ್ಕೆ ಬೆಲೆಯೇ ಇಲ್ಲ. ಪಿವಿಸಿ ಕವಚ ಮಸಿ ಎಬ್ಬಿಸುತ್ತದೆ, ಪಾಲಿಯೆಸ್ಟರ್ ಕವಚವೇ ಬೇಕು. ಗುಂಡುಸೂಜಿ ತೆಗೆಯದಿದ್ದರೆ ತುಕ್ಕು ನೇರ ಸಹಿಗೆ ಹತ್ತುತ್ತದೆ. ನುಸಿಗುಳಿಗೆ ಹುಳಕ್ಕಾದೀತು, ತೇವಕ್ಕಲ್ಲ. ತೇವ ಹೀರಲು ಹುರಿದ ಕುಚ್ಚಲಕ್ಕಿಯನ್ನೂ ಪರೀಕ್ಷಿಸಿ ನೋಡಿದೆ: ವಾರದೊಳಗೆ ತೇವ ಅಳೆಯುವ ಮೀಟರ್ ಮತ್ತೆ ಮೇಲೇರಿತು, ಅಕ್ಕಿಗೆ ಹುಳ ಬಿತ್ತು.

ಗಾಳಿಯಾಡದ ಇಪ್ಪತ್ತು ಲೀಟರ್ ಡಬ್ಬಿಗೆ ಕಾಲು ಕಿಲೋ ಕಿತ್ತಳೆ ಸಿಲಿಕಾ ಜೆಲ್, ಪತ್ರಕ್ಕೆ ತಾಗದಂತೆ ಬಟ್ಟೆ ಚೀಲದಲ್ಲಿ. ಮೀಟರ್ 50ರ ಹತ್ತಿರ ನಿಂತರೆ ಸಾಕು, 35ಕ್ಕೆ ಇಳಿದರೆ ಕಾಗದ ಗರಿಗರಿಯಾಗಿ ಮಡಿಕೆಯಲ್ಲಿ ಒಡೆಯುತ್ತದೆ. ಹರಳು ಹಸಿರಾದೊಡನೆ ಒಟಿಜಿಯಲ್ಲಿ (ಕೇಕ್ ಬೇಯಿಸುವ ಕರೆಂಟ್ ಓವನ್) 110 ಡಿಗ್ರಿಗೆ ಎರಡು ತಾಸು. ಮೀಟರನ್ನು ನಂಬುವ ಮೊದಲು ಒಂದು ಚಮಚ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ, ಜಿಪ್ ಚೀಲದಲ್ಲಿ ಎಂಟು ತಾಸು ಮೀಟರಿನ ಜತೆಗಿಡಿ, 75 ತೋರಿಸಬೇಕು. ಅದಕ್ಕೆ ಪ್ಯಾಕೆಟ್ ಉಪ್ಪೇ ಆಗಬೇಕು. ನಮ್ಮ ಕರಾವಳಿಯ ಸಾಣಿಕಟ್ಟಾದ ಕಚ್ಚಾ ಉಪ್ಪಿನಲ್ಲಿರುವ ಮೆಗ್ನೀಸಿಯಂ ಲವಣದಿಂದ ಅಂಕಿ ಕೆಳಗಿಳಿಯುತ್ತದೆ.