ಡೊಮೈನ್ ಕಂಟ್ರೋಲರ್ ಬ್ಲಾಕ್ ಮಾಡಿ ಬೈಸ್ಕೊಂಡ ಮೇಲೆ ಐಡಿಎಸ್ ಅಲರ್ಟ್ ಓದೋದು ಕಲ್ತೆ

ಸುರಿಕಾಟಾ ಅಂತ ಒಂದು ಐಡಿಎಸ್ (ನೆಟ್‌ವರ್ಕ್‌ನಲ್ಲಿ ಓಡಾಡೋ ಟ್ರಾಫಿಕ್ ನೋಡಿ, ಅನುಮಾನ ಬಂದ್ರೆ ಅಲರ್ಟ್ ಕೊಡೋ ಸಾಫ್ಟ್‌ವೇರ್) ಹಾಕಿ ಇನ್ನೂ ಎರಡು ವಾರ ಆಗಿರ್ಲಿಲ್ಲ. ಬೆಂಗಳೂರಿನ ಒಂದು ಸಣ್ಣ ಕಂಪನಿ, ನೆಟ್‌ವರ್ಕ್ ನೋಡ್ಕೊಳ್ಳೋಕೆ ಇರೋನು ನಾನೊಬ್ನೇ. ಮೂಲೇಲಿ ಬಿದ್ದಿದ್ದ ಹಳೇ ಸರ್ವರ್‌ಗೆ ಲಿನಕ್ಸ್ ಹಾಕಿ, ಫೈರ್‌ವಾಲ್ ಕಡೆ ಹೋಗೋ ಪೋರ್ಟನ್ನ ಸ್ವಿಚ್‌ನಲ್ಲಿ ಮಿರರ್ ಮಾಡಿ (ಅಲ್ಲಿ ಹೋಗೋದರ ಕಾಪಿ ನನ್ನ ಸರ್ವರ್‌ಗೂ ಬರೋ ಹಾಗೆ), ಏನು ಕಂಡ್ರೆ ಕೂಗ್ಬೇಕು ಅಂತ ಹೇಳೋ ಎಮರ್ಜಿಂಗ್ ಥ್ರೆಟ್ಸ್‌ನವ್ರ ಫ್ರೀ ರೂಲ್ಸ್ ಅಷ್ಟೂ ಆನ್ ಮಾಡಿ ಕೂತಿದ್ದೆ. ಒಂದಿನ ಬೆಳಿಗ್ಗೆ ಬಂದು ನೋಡಿದ್ರೆ ಡಾಟ್ ಟಾಪ್ ಡೊಮೈನ್‌ಗೆ ಡಿಎನ್‌ಎಸ್ ಕ್ವೆರಿ (ಈ ಹೆಸರಿನ ಸೈಟಿನ ಐಪಿ ಯಾವುದು ಅಂತ ಕೇಳೋ ಪ್ರಶ್ನೆ), "ಲೈಕ್ಲಿ ಹಾಸ್ಟೈಲ್" ಅಂತ ಸಾಲಾಗಿ ಅಲರ್ಟ್, ಸೋರ್ಸ್ ಐಪಿ (ಕಳಿಸಿದ ಮಷೀನಿನ ಅಡ್ರೆಸ್) ನಮ್ಮ ಡೊಮೈನ್ ಕಂಟ್ರೋಲರ್‌ದು, ಅಂದ್ರೆ ಆಫೀಸಿನ ಲಾಗಿನ್‌ಗಳನ್ನೆಲ್ಲ ನೋಡ್ಕೊಳ್ಳೋ ವಿಂಡೋಸ್ ಸರ್ವರ್, ಚಿಕ್ಕದಾಗಿ ಡಿಸಿ. ಎದೆ ಧಸಕ್ಕಂತು. ಡಿಸಿಗೇ ಮಾಲ್‌ವೇರ್ ಹೊಕ್ಕಿದೆ ಅಂದ್ಕೊಂಡು ಯಾರನ್ನೂ ಕೇಳ್ದೆ ಅದು ಹೊರಗೆ ಹೋಗೋದನ್ನ ಪೂರ್ತಿ ಬ್ಲಾಕ್ ಮಾಡ್ಬಿಟ್ಟೆ.

ಕ್ಯಾಶ್‌ನಲ್ಲಿ, ಅಂದ್ರೆ ಪಿಸಿಗಳು ಮೊದಲೇ ನೆನಪಿಟ್ಕೊಂಡಿದ್ದ ಸೈಟ್‌ಗಳು ಸ್ವಲ್ಪ ಹೊತ್ತು ಓಡಿದ್ವು, ಆಮೇಲೆ ಒಂದೊಂದಾಗಿ ನಿಂತ್ಹೋದ್ವು. ಮೊದಲು ಫೋನ್ ಮಾಡಿದ್ದು ಅಕೌಂಟ್ಸ್ ಮೇಡಂ. "ಸರ್, ಜಿಎಸ್‌ಟಿ ಪೋರ್ಟಲ್ ಓಪನ್ನೇ ಆಗ್ತಿಲ್ಲ, ಇವತ್ತು 20ನೇ ತಾರೀಕು, 3ಬಿ ರಿಟರ್ನ್ ಹಾಕ್ಬೇಕು, ಏನ್ ಮಾಡಿದ್ರಿ ನೀವು?" ಆಗ ತಲೆಗೆ ಹೊಳೀತು. ಆಫೀಸಿನ ಎಲ್ಲಾ ಪಿಸಿಗಳೂ ಹೆಸರು ಕೇಳೋದು ಡಿಸಿ ಹತ್ರ, ಡಿಸಿ ಅವ್ರ ಪರವಾಗಿ ಹೊರಗೆ ಕೇಳುತ್ತೆ, ನನ್ನ ಸೆನ್ಸರ್ (ಸುರಿಕಾಟಾ ಸರ್ವರ್) ಕೂತಿರೋದು ಡಿಸಿ ಆದ್ಮೇಲೆ, ಅದಕ್ಕೆ ಕಾಣೋದು ಡಿಸಿ ಮುಖ ಮಾತ್ರ. ಬ್ಲಾಕ್ ತೆಗೆದು, ವಿಂಡೋಸ್ ಡಿಎನ್‌ಎಸ್‌ನಲ್ಲಿ ಡಿಬಗ್ ಲಾಗಿಂಗ್ (ಯಾವ ಪಿಸಿ ಯಾವ ಹೆಸರು ಕೇಳ್ತು ಅಂತ ಬರೆದಿಡೋದು) ಆನ್ ಮಾಡ್ದೆ, ಅದು ತಾನಾಗೇ ಆನ್ ಇರಲ್ಲ, ಮಧ್ಯಾಹ್ನದೊಳಗೆ ಸಿಕ್ತು, ರಿಸೆಪ್ಶನ್ ಪಿಸಿ. ಯಾವುದೋ ಸೈಟಿಗೆ ನೋಟಿಫಿಕೇಶನ್ ಅಲೋ ಕೊಟ್ಟಿದ್ರು, ಅದು ಜಾಹೀರಾತು ತರ್ತಿತ್ತು. ಅಷ್ಟೇ. ರೂಲ್ ತೆಗೆದು ಓದಿದ್ರೆ ಅದು ನೋಡ್ತಿದ್ದಿದ್ದು ಕೇಳಿದ ಹೆಸರು ಡಾಟ್ ಟಾಪ್ ಅಂತ ಮುಗಿಯುತ್ತಾ ಅನ್ನೋದೊಂದನ್ನೇ, ಆ ಸೈಟ್ ಒಳ್ಳೇದಾ ಕೆಟ್ಟದ್ದಾ ಅಂತ ಅದಕ್ಕೆ ಗೊತ್ತೇ ಇಲ್ಲ.

ಅವತ್ತಿಂದ ಅಲರ್ಟ್ ಹೆಸರು ನೋಡಿ ಗಾಬರಿ ಆಗೋದು ಬಿಟ್ಟೆ. ಮೊದಲು ರೂಲ್ ನಂಬರ್ ಹಿಡ್ಕೊಂಡು ರೂಲ್ ಫೈಲ್‌ನಲ್ಲಿ ಆ ಸಾಲು ತೆಗಿತೀನಿ, ಯಾವ ಅಕ್ಷರಗಳಿಗೆ ಮ್ಯಾಚ್ ಆಗ್ತಿದೆ, ಸರ್ವರ್ ಕಡೆ ಹೋಗೋ ಪ್ಯಾಕೆಟ್ಟಾ ಸರ್ವರ್‌ನಿಂದ ಬರೋದಾ ಅಂತ ನೋಡ್ತೀನಿ. ಸೋರ್ಸ್ ಅಂದ್ರೆ ಕಳ್ಳ, ಡೆಸ್ಟಿನೇಶನ್ ಅಂದ್ರೆ ನಾವು ಅನ್ನೋ ಲೆಕ್ಕ ಎಷ್ಟೋ ಸಲ ಉಲ್ಟಾ ಹೊಡಿಯುತ್ತೆ. "ಐಡಿ ಚೆಕ್ ರಿಟರ್ನ್ಡ್ ರೂಟ್" ಅಂತ ಒಂದು ರೂಲ್ ಇದೆ ನೋಡಿ, ಸ್ನಾರ್ಟ್ ಅನ್ನೋ ಇನ್ನೊಂದು ಐಡಿಎಸ್‌ನ ಹಳೇ ಕಾಲದ್ದು, ಆಗ ರೂಲ್ ನಂಬರ್ 498, ಈಗ 2100498. ಯುಐಡಿ ಸೊನ್ನೆ, ರೂಟ್ (ಲಿನಕ್ಸ್‌ನಲ್ಲಿ ಎಲ್ಲಾ ಹಕ್ಕೂ ಇರೋ ಯೂಸರ್) ಅನ್ನೋ ಅಕ್ಷರಗಳು ಪ್ಯಾಕೆಟ್‌ನಲ್ಲಿ ಹಾಗ್ಹಾಗೇ ಬಂದ್ರೆ ಕೂಗುತ್ತೆ. ಅದರಲ್ಲಿ ಸೋರ್ಸ್ ಅಂದ್ರೆ ಉತ್ತರ ಕೊಡ್ತಿರೋ ಸರ್ವರ್. ನಮ್ಮ ವೆಬ್‌ಸರ್ವರ್ ಸೋರ್ಸ್ ಆಗಿ ಬಂದ್ರೆ ನಿಜ್ವಾಗ್ಲೂ ಭಯ ಬೀಳ್ಬೇಕು, ಹೊರಗಿನ ಸೈಟ್ ಸೋರ್ಸ್ ಆಗಿದ್ರೆ ನಮ್ಮ ಹುಡುಗ ಯಾರೋ ಎಚ್‌ಟಿಟಿಪಿಯಲ್ಲಿ ಲಿನಕ್ಸ್ ಪಾಠ ಓದ್ತಿರ್ಬಹುದು.

ಪ್ರಯಾರಿಟಿ 1 (ಅತಿ ಗಂಭೀರ) ಅಂತ ಬಂದಿದ್ದನ್ನೂ ಕಣ್ಮುಚ್ಚಿ ನಂಬಲ್ಲ. ಅದು ರೂಲ್‌ನ ಕ್ಲಾಸ್‌ನಿಂದ ಬರೋ ನಂಬರ್, ಪಾಲಿಸಿ ವಯೊಲೇಶನ್‌ಗೂ 1, ಅಡ್ಮಿನ್ ಹಕ್ಕು ಕಸಿಯೋ ಪ್ರಯತ್ನಕ್ಕೂ 1.

ನಡುವೆ ಇನ್ನೊಂದು ತಲೆನೋವಿತ್ತು, ಸ್ಟ್ರೀಮ್ ಹ್ಯಾಂಡ್‌ಶೇಕ್ (ಕನೆಕ್ಷನ್ ಶುರುವಿನ ಮಾತುಕತೆ) ಸರಿಯಿಲ್ಲ, ಆಕ್ (ತಲುಪಿತು ಅನ್ನೋ ಉತ್ತರ) ಸರಿಯಿಲ್ಲ ಅಂತ ಮಳೆ ಸುರಿದ ಹಾಗೆ ಅಲರ್ಟ್. ಯಾವ ಕಳ್ಳನೂ ಇಲ್ಲ, ನಾನು ಮಿರರ್ ಮಾಡಿದ್ದು ಒಂದೇ ಕಡೆಯ ಟ್ರಾಫಿಕ್. ಎರಡೂ ಕಡೆ ಕೊಟ್ಟು, ನೆಟ್‌ವರ್ಕ್ ಕಾರ್ಡ್‌ನಲ್ಲಿ ಪ್ಯಾಕೆಟ್‌ಗಳನ್ನ ಒಟ್ಟು ಸೇರಿಸೋ ಜಿಆರ್‌ಒ, ಎಲ್‌ಆರ್‌ಒ ಆಫ್ ಮಾಡಿದ್ಮೇಲೆ ತಣ್ಣಗಾಯ್ತು.

ನಿಜವಾದ ಪರೀಕ್ಷೆ ಅಂದ್ರೆ 2021ರ ಡಿಸೆಂಬರ್, ಜಾವಾ ಪ್ರೋಗ್ರಾಂಗಳು ಲಾಗ್ ಬರೆಯೋಕೆ ಬಳಸೋ ಲಾಗ್‌ಫೋರ್‌ಜೆಯಲ್ಲಿ ಸಿಕ್ಕ ತೂತು. ದಿನವಿಡೀ ಅಲರ್ಟ್, ಯೂಸರ್ ಏಜೆಂಟ್ (ಬ್ರೌಸರ್ ತನ್ನ ಹೆಸರು ಹೇಳೋ) ಜಾಗದಲ್ಲಿ ಜೆಎನ್‌ಡಿಐ ಎಲ್‌ಡ್ಯಾಪ್ ಅಂತ ಶುರುವಾಗೋ ಸಾಲು ತುರುಕಿ ಪ್ರಪಂಚದ ಮೂಲೆಮೂಲೆಯಿಂದ ಬಾಗಿಲು ತಟ್ಟೋರು. ಇಲ್ಲಿ ವೆಬ್‌ಸರ್ವರ್ 404 (ಅಂಥ ಪೇಜ್ ಇಲ್ಲ) ಕೊಟ್ಟಿದೆ, ಬಚಾವು ಅನ್ನೋ ಹಾಗಿಲ್ಲ, ಯಾಕಂದ್ರೆ ಆ ಸಾಲನ್ನ ತೂತಿರೋ ಲಾಗ್‌ಫೋರ್‌ಜೆ ಬಳಸೋ ಯಾವುದೋ ಜಾವಾ ಪ್ರೋಗ್ರಾಂ ಲಾಗ್‌ಗೆ ಬರೆದ್ರೆ ಸಾಕು, ಅದರಲ್ಲಿರೋ ಅಡ್ರೆಸ್‌ಗೆ ತಾನೇ ಹೋಗಿ ಕಳ್ಳನ ಕೋಡ್ ತರಬಹುದು, ಕೆಲಸ ಕೆಡುತ್ತೆ, 404 ಕೂಡ ಲಾಗ್ ಆಗುತ್ತಲ್ಲ. ಹಾಗಾಗಿ ಅಲರ್ಟ್‌ನ ಫ್ಲೋ ಐಡಿ ಹಿಡಿದು ಅದೇ ಕನೆಕ್ಷನ್ನಿನ ಎಚ್‌ಟಿಟಿಪಿ ರೆಕಾರ್ಡ್ ತೆಗೆದು, ಆ ಜೆಎನ್‌ಡಿಐ ಸಾಲಿನಲ್ಲಿರೋ ಅಡ್ರೆಸ್ ಬರ್ಕೊಂಡು, ಅದಾದ್ಮೇಲೆ ನಮ್ಮ ಯಾವುದಾದ್ರೂ ಮಷೀನ್ ಆ ಅಡ್ರೆಸ್‌ಗೆ ಹೊರಟಿದ್ಯಾ, ಅದರ ಹೆಸರಾದ್ರೂ ಡಿಎನ್‌ಎಸ್‌ನಲ್ಲಿ ಕೇಳಿದ್ಯಾ ಅಂತ ಹುಡುಕ್ದೆ. ವೆಬ್‌ಸರ್ವರ್ ಪಿಎಚ್‌ಪಿದು, ಜಾವಾನೇ ಇಲ್ಲ, ಆದ್ರೆ ಅದರ ಲಾಗ್ ಹೋಗಿ ಸೇರೋ ಲಾಗ್‌ಸ್ಟ್ಯಾಶ್ ಮಷೀನ್ ಜಾವಾ! ಅದನ್ನ ಮೊದಲು ಅಪ್ಡೇಟ್ ಮಾಡಿ ಅದರ ಹೊರಗಿನ ದಾರಿ ಮುಚ್ಚಿದೆ. ಯಾವುದೂ ಹೊರಗೆ ಹೋಗಿರ್ಲಿಲ್ಲ, ಅವತ್ತು ರಾತ್ರಿ ಸ್ವಲ್ಪ ನಿದ್ದೆ ಬಂತು.

ಅಲರ್ಟ್ ಮುಚ್ಚೋದ್ರಲ್ಲೂ ಒಂದು ತಪ್ಪು ಮಾಡಿದ್ದೆ. ನಮ್ಮ ಕಡೆಯಿಂದ ಹೊರಗಿನ ಸರ್ವರ್‌ಗಳಿಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ದಾರಿ) ಸ್ಕ್ಯಾನ್ ನಡೀತಿದೆ ಅಂತ ದಿನಾ ಬರ್ತಿತ್ತು, ನೋಡಿದ್ರೆ ಸರ್ವರ್‌ಗಳ ಸೆಟ್ಟಿಂಗ್ ತಾನಾಗೇ ಮಾಡೋ ನಮ್ಮದೇ ಆನ್ಸಿಬಲ್ ಮಷೀನ್ ಕ್ಲೌಡ್ ಸರ್ವರ್‌ಗಳಿಗೆಲ್ಲ ಒಟ್ಟಿಗೆ ಲಾಗಿನ್ ಆಗ್ತಿತ್ತು. ಕಿರಿಕಿರಿಗೆ ಆ ರೂಲನ್ನೇ ಎಲ್ಲರಿಗೂ ಆಫ್ ಮಾಡಿದ್ದೆ. ಆಮೇಲೆ ಅನ್ನಿಸ್ತು, ನಾಳೆ ಯಾರದೋ ಲ್ಯಾಪ್‌ಟಾಪ್ ನಿಜ್ವಾಗ್ಲೂ ಸ್ಕ್ಯಾನ್ ಶುರು ಮಾಡಿದ್ರೆ ನಂಗೆ ಹೇಳೋರು ಯಾರು? ಈಗ ಆ ಒಂದು ಐಪಿಗೆ ಮಾತ್ರ ಸಪ್ರೆಸ್, ಪಕ್ಕದಲ್ಲಿ ಕಾರಣ, ತಾರೀಕು.

2022ರ ಏಪ್ರಿಲ್‌ನಲ್ಲಿ ಸೈಬರ್ ಭದ್ರತೆ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸರ್ಟ್-ಇನ್ ಆದೇಶ ಬಂತು, ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸ್ಬೇಕು, ಲಾಗ್ 180 ದಿನ ಇಟ್ಕೋಬೇಕು. ಆಮೇಲಿಂದ ಬಾಸ್ ಪ್ರತಿ ಅಲರ್ಟ್‌ಗೂ "ಇದು ರಿಪೋರ್ಟ್ ಮಾಡೋದಾ?" ಅಂತಾರೆ. ಅದಕ್ಕೆ ನಾಲ್ಕು ಸಾಲು ಬರೆದಿಡ್ತೀನಿ, ಏನು ಮ್ಯಾಚ್ ಆಯ್ತು, ಹಿಂದೆ ಇರೋ ಅಸಲಿ ಪಿಸಿ ಯಾವುದು, ನಮ್ಮವರು ಉತ್ತರ ಕೊಟ್ರಾ, ಆಮೇಲೆ ಏನಾಯ್ತು. ಎರಡನೇ ಸಾಲಿಗೋಸ್ಕರ ಯಾವ ಪಿಸಿಗೆ ಯಾವ ಐಪಿ ಕೊಟ್ಟಿತ್ತು ಅನ್ನೋ ಡಿಎಚ್‌ಸಿಪಿ ಲಾಗೂ ಇಟ್ಕೋಬೇಕಾಯ್ತು, ನಾನು ಹುಡುಕೋಷ್ಟರಲ್ಲಿ ಆ ಐಪಿ ಬೇರೆ ಲ್ಯಾಪ್‌ಟಾಪ್‌ಗೆ ಹೋಗಿರುತ್ತೆ. 180 ದಿನಕ್ಕೆ ಡಿಸ್ಕ್ ಸಾಲ್ತಿಲ್ಲ, ಎರಡು ಸಲ ಕೇಳಿದೀನಿ, ಕೊಟೇಶನ್ ಇನ್ನೂ ಅದೇ ಅಕೌಂಟ್ಸ್ ಮೇಡಂ ಟೇಬಲ್ ಮೇಲೇ ಇದೆ.