ಬಿದ್ದ ಸೂಜಿ ಎತ್ತಕ್ಕಾಗ್ದೋಳು ಯೋಗ ಶುರು ಮಾಡಿದ್ದು

ನಾನು ದಾವಣಗೆರೆ ನಿಟುವಳ್ಳೀಲಿ ಮನೇಲೇ ಟೈಲರಿಂಗ್ ಮಾಡೋಳು. ಬ್ಲೌಸು, ಚೂಡಿದಾರ, ಸೀರೆಗೆ ಫಾಲ್ ಹಚ್ಚೋದು ಎಲ್ಲಾ. 18 ವರ್ಷದಿಂದ ದಿನಾ ಏಳೆಂಟು ಗಂಟೆ ಮೆಷಿನ್ ಮುಂದೆ ಕತ್ತು ಬಗ್ಗಿಸ್ಕೊಂಡು ಕೂತು ಕೂತು ಸೊಂಟ ಯಾವ ಮಟ್ಟಕ್ಕೆ ಬಂದಿತ್ತು ಅಂದ್ರೆ ಕೆಳಗೆ ಬಿದ್ದ ಸೂಜಿ ಎತ್ತಕ್ಕೂ ಮಗನ್ನ ಕೂಗ್ಬೇಕಿತ್ತು. ಡಾಕ್ಟ್ರು ಎಕ್ಸ್‌ರೇ ನೋಡಿ ಮೂಳೇಲಿ ಏನೂ ತೊಂದ್ರೆ ಇಲ್ಲಮ್ಮ, ಕೂರೋದು ಕಮ್ಮಿ ಮಾಡಿ, ಏನಾದ್ರೂ ವ್ಯಾಯಾಮ ಮಾಡಿ ಅಂದ್ರು. ಕೂರೋದು ಕಮ್ಮಿ ಮಾಡಿದ್ರೆ ಸಂಘದ ಕಂತು ಯಾರು ಕಟ್ತಾರೆ? ಅದಕ್ಕೇ ಯೋಗ.

ಜೂನ್ 21ರ ಯೋಗ ದಿನದ ಹೊತ್ತಿಗೆ ಹೊಸ ಕ್ಲಾಸು ಶುರುವಾಗ್ತಾವಲ್ಲ, ಅಂಥದ್ದೊಂದಕ್ಕೆ ಸೇರ್ಕೊಂಡೆ, ಸಂಜೆ ಆರೂವರೆಗೆ. ಮೊದಲನೇ ದಿನಾನೇ 12 ಸುತ್ತು ಸೂರ್ಯ ನಮಸ್ಕಾರ, ಒಂದೊಂದು ಸುತ್ತಿಗೂ 12 ಹಂತ, ಲೆಕ್ಕ ನೀವೇ ಹಾಕ್ಕೊಳ್ರಿ. ನಂದೂ ತಪ್ಪಿತ್ತು ಅನ್ನಿ, ಐದೂವರೆಗೆ ಮಂಡಕ್ಕಿ ಜೊತೆ ಮೂರು ಮಿರ್ಚಿ ತಿಂದು ಹೋಗಿದ್ದೆ, ನಮ್ಮೂರಲ್ಲಿ ಸಂಜೆ ಅದಿಲ್ದೆ ಹೆಂಗೆ ಆಗುತ್ತೆ, ಆದ್ರೆ ಸೊಂಟ ಮೇಲೆ ಮಾಡಿ ತಲೆ ಕೆಳಗೆ ಬಿಟ್ಟ ತಕ್ಷಣ ಮೂರೂ ಮಿರ್ಚಿ ಗಂಟಲಿಗೆ ವಾಪಸ್ ಬಂದ್ವು. ಊಟ ಆಗಿ ಮೂರ್ನಾಲ್ಕು ಗಂಟೆ ಬಿಡ್ಬೇಕು ಅಂತ ಆಮೇಲೆ ಗೊತ್ತಾಯ್ತು.

ಮಾರನೇ ದಿನ ಹಾಸಿಗೆಯಿಂದ ಏಳಕ್ಕಾಗ್ಲಿಲ್ಲ. ಮೂರು ದಿನ ಮೆಷಿನ್ ಮುಟ್ಲಿಲ್ಲ, ಮದುವೆ ಮನೆಯೋರು ಬ್ಲೌಸಿಗೆ ಬಂದು ಬೈದು ಹೋದ್ರು. ಕ್ಲಾಸಲ್ಲಿ ಹೇಳಿದ್ರೆ ಮೊದಮೊದಲು ಹಂಗೇ, ತಡ್ಕೋಬೇಕು ಅಂದ್ರು. ಅದು ತಪ್ಪು ಅಂತ ನಾನು ಈಗ್ಲೂ ಹೇಳ್ತೀನಿ. ತೊಡೆ ಮೀನಖಂಡ ಬಿಗಿಯಾಗಿ ನೋಯೋದು ಬೇರೆ, ಸೊಂಟದಿಂದ ಕಾಲಿಗೆ ಚಳಕ್ ಅನ್ನೋದು ಬೇರೆ, ಎರಡನೇದನ್ನ ತಡ್ಕೊಳ್ಳೋ ಹಾಗಿಲ್ಲ. ಬಿಟ್ಟೆ.

ಮತ್ತೆ ಶುರುವಾಗಿದ್ದು ಹೊಳಲ್ಕೆರೆ ಕಡೆಯಿಂದ ನಮ್ಮ ದೊಡ್ಡಪ್ಪ ಬಂದಾಗ. ವಯಸ್ಸಿನ ಹುಡುಗ ಆಗಿದ್ದಾಗ ಮಲ್ಲಾಡಿಹಳ್ಳೀಲಿ, ತಿರುಕ ಅಂತ ಬರೀತಿದ್ರಲ್ಲ ಆ ರಾಘವೇಂದ್ರ ಸ್ವಾಮೀಜಿ ಆಶ್ರಮದಲ್ಲಿ ಯೋಗ ಕಲ್ತವರು, ಈಗ್ಲೂ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಕೈ ಊರದೇ ಏಳ್ತಾರೆ. ಎಲ್ಲಿ ಬಗ್ಗು ನೋಡಾನ ಅಂದ್ರು. ಬಗ್ಗಿದೆ. ಬೆರಳಿಗೂ ನೆಲಕ್ಕೂ ಎಷ್ಟು ದೂರ ಅಂತ ಮಗನ ಕೈಲಿ ಇಂಚ್ ಟೇಪ್ ಹಿಡಿಸಿದ್ರೆ 9 ಇಂಚು! ದೊಡ್ಡಪ್ಪ ನಕ್ಕು, "ಟೇಪು ಆಕಡೆ ಇಡವ್ವ. ನೀನು ಬಗ್ತಾ ಇಲ್ಲ, ಬೆನ್ನು ಗೂನು ಮಾಡ್ತಿದೀಯ. ಮೊಣಕಾಲು ಮಡಚು ಮೊದ್ಲು" ಅಂದ್ರು.

ಮಡಚಿದೆ. ಹೊಟ್ಟೆ ಹೋಗಿ ತೊಡೆಗೆ ತಾಗ್ತು, ಸೊಂಟ ಎಳೀಲೇ ಇಲ್ಲ! ವಿಷ್ಯ ಏನಂದ್ರೆ ತೊಡೆ ಹಿಂದಿನ ಸ್ನಾಯು ನಾವು ಕೂರೋ ಮೂಳೆಗೆ ಅಂಟ್ಕೊಂಡಿರುತ್ತೆ, ದಿನಾ ಕೂತು ಕೂತು ಅದು ಬಿಗಿಯಾಗಿರುತ್ತೆ, ಕಾಲು ನೆಟ್ಟಗಿಟ್ಟು ಬಗ್ಗಿದ್ರೆ ಸೊಂಟದ ಮೂಳೇನ ತಿರುಗಕ್ಕೆ ಬಿಡಲ್ಲ, ಆಗ ಪಾಪ ಬೆನ್ನೇ ಬಗ್ಬೇಕು. ಕಂಕುಳಲ್ಲಿ ಬಿಗಿಯಾಗಿ ಹೊಲ್ದ ಬ್ಲೌಸ್ ಹಾಕ್ಕೊಂಡು ಕೈ ಎತ್ತಿದ್ರೆ ಇಡೀ ಬ್ಲೌಸೇ ಮೇಲಕ್ಕೆ ಬರುತ್ತಲ್ಲ, ಹಂಗೆ.

ಕಾಲು ಚಾಚಿ ಕೂರಕ್ಕೂ ಬರ್ತಿರ್ಲಿಲ್ಲ, ಹಿಂದಕ್ಕೆ ವಾಲ್ತಿದ್ದೆ. ಅದಕ್ಕೆ ಅಟ್ಟದ ಮೇಲಿದ್ದ ಚಳ್ಳಕೆರೆ ಕಂಬಳಿ ಇಳಿಸಿ ನಾಲ್ಕು ಮಡಿಕೆ ಮಾಡಿ ಅದರ ಅಂಚಿನ ಮೇಲೆ ಕೂರಿಸಿದ್ರು, ಬೆನ್ನು ತಾನಾಗೇ ನೆಟ್ಟಗಾಯ್ತು. ಚುಚ್ಚುತ್ತೆ ಅನ್ನೋದು ಬಿಟ್ರೆ ಅದರಷ್ಟು ಗಟ್ಟಿ ದಿಂಬು ಇನ್ನೊಂದಿಲ್ಲ. ಬೆಲ್ಟ್ ಬದಲು ಹಳೇ ಕಾಟನ್ ದುಪಟ್ಟಾ. ಅಂಗಾತ ಮಲಗಿ ಒಂದು ಕಾಲು ಮಡಚಿಟ್ಟು ಇನ್ನೊಂದರ ಪಾದಕ್ಕೆ ದುಪಟ್ಟಾ ಹಾಕಿ ಮೇಲೆತ್ತೋದು, ಎಳೆದಾಡದೇ ನಿಧಾನಕ್ಕೆ ಹತ್ತು ಉಸಿರು. ಕಂಬಳಿ ಗಿಂಬಳಿ ಇಟ್ಕೊಂಡು ಮಾಡೋದು ಯೋಗ ಅಲ್ಲ ಅಂತ ನಮ್ಮ ಮನೆಯವ್ರು ಆಡ್ಕೊಂಡ್ರು, ಬಿ.ಕೆ.ಎಸ್. ಅಯ್ಯಂಗಾರ್ ಅವರು ಕಂಬಳಿ, ಬೆಲ್ಟು, ಕುರ್ಚಿ ಇಟ್ಕೊಂಡೇ ಜಗತ್ತಿಗೆಲ್ಲ ಕಲಿಸಿದ್ದು, ಅವರ ಗುರು ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ಇಲ್ಲೇ ಚಿತ್ರದುರ್ಗ ಜಿಲ್ಲೇಲಿ ಅಂದೆ, ಸುಮ್ಮನಾದ್ರು.

ಮೊದಲ ತಿಂಗಳು ಬೆಳಗ್ಗೆ ಐದೂಮುಕ್ಕಾಲಿಗೆ ಎದ್ದು ಬರೀ 15 ನಿಮಿಷ. ನೆಟ್ಟಗೆ ನಿಲ್ಲೋ ತಾಡಾಸನ, ಮೊಣಕಾಲು ಮಡಚಿ ಮುಂದೆ ಬಗ್ಗೋದು, ದುಪಟ್ಟಾದ್ದು, ಬೋರಲು ಮಲಗಿ ಎದೆ ಎತ್ತೋ ಭುಜಂಗಾಸನ, ಕೊನೇಲಿ ಶವಾಸನ. ಭುಜಂಗಾಸನಕ್ಕೆ ಕೈ ಒತ್ತಿ ಮೇಲೇಳ್ಬಾರ್ದು, ಮೊಣಕೈ ಪಕ್ಕೆಗೆ ಒತ್ಕೊಂಡು ಎದೆ ಎಷ್ಟು ಬರುತ್ತೋ ಅಷ್ಟೇ, ನಂಗೆ ನಾಲ್ಕು ಬೆರಳಷ್ಟು ಬರ್ತಿತ್ತು. ಬಗ್ಗೋವಾಗ ಉಸಿರು ಬಿಡೋದು, ಏಳೋವಾಗ ತಗೊಳ್ಳೋದು, ಇದು ಅಭ್ಯಾಸ ಆಗಕ್ಕೇ ಎರಡು ವಾರ ಬೇಕಾಯ್ತು. ಸೂರ್ಯ ನಮಸ್ಕಾರ ಮೂರನೇ ತಿಂಗಳಿಗೆ, ಎರಡೇ ಸುತ್ತಿಂದ.

ಆಮೇಲೆ ದುರ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಂದ್ಸಲ ಬರೋ ಜಾತ್ರೆ, ಊರಿಗೆಲ್ಲ ಹೊಸ ಬಟ್ಟೆ, ರಾತ್ರಿ ಒಂದು ಗಂಟೆವರೆಗೂ ಮೆಷಿನ್, ಮನೆ ತುಂಬ ನೆಂಟರು, ಆ ಕಂಬಳೀನೂ ಯಾರೋ ಹೊದ್ಕೊಂಡು ಮಲಗಿದ್ರು. ಒಂದು ತಿಂಗಳು ಪೂರ್ತಿ ಹೋಯ್ತು, ಸೊಂಟ ಮತ್ತೆ ಶುರು. ಬಿಟ್ಟ ಕಡೆಯಿಂದ ಹಿಡಿಯಕ್ಕೆ ಹೋಗ್ದೆ ಮತ್ತೆ ಆ 15 ನಿಮಿಷದಿಂದಾನೇ ಬಂದೆ. ಜೊತೆಗೆ ಈಗ ಒಂದೊಂದು ಬ್ಲೌಸ್ ಮುಗಿದ ಮೇಲೂ ಎದ್ದು ಗೋಡೆಗೆ ಕೈ ಊರಿ ಸೊಂಟ ಹಿಂದಕ್ಕೆ ತಳ್ಳಿ ಐದು ಉಸಿರು ನಿಲ್ತೀನಿ, ನಿಜ ಹೇಳ್ಬೇಕಂದ್ರೆ ಬೆಳಗಿನದ್ದಕ್ಕಿಂತ ಇದರಿಂದಾನೇ ಜಾಸ್ತಿ ಗುಣ ಕಂಡಿದ್ದು.

ಈಗ ಪಕ್ಕದ ಮನೆ ಅಕ್ಕನೂ ಬೆಳಗ್ಗೆ ಬರ್ತಾರೆ. ಟೀವಿಲಿ ನೋಡಿ ಕಪಾಲಭಾತಿ, ಅದೇ ಹೊಟ್ಟೆ ಒಳಗೆ ಎಳೆದು ಜೋರಾಗಿ ಉಸಿರು ಹೊರಗೆ ತಳ್ಳೋದು, ಮಾಡಣ ಅಂತಿದ್ರು, ನಿಮಗೆ ಬೀಪಿ ಐತೆ, ಡಾಕ್ಟ್ರನ್ನ ಕೇಳ್ದೆ ಅದೊಂದು ಬ್ಯಾಡ ಅಂದೆ. ದುಪಟ್ಟಾ ಅವರೇ ತರ್ತಾರೆ, ಕಂಬಳಿ ಇರೋದು ಒಂದೇ, ಅದು ಅವರಿಗೆ ಹೋಗಿದೆ. ನಾನು ಎರಡು ಬೆಡ್‌ಶೀಟ್ ಮಡಚಿ ಕೂರ್ತಿದೀನಿ.